ನೆಲ್ ರೀಡ್ ಬಿದ್ದ ಮೆಟ್ಟಿಲು

ಓಲ್ಡ್ ಏರ್‌ಪೋರ್ಟ್, ದೋಹಾ
೩ ನವೆಂಬರ್ ೨೦೨೩

ಅಪ್ಪಾ,

ಇವತ್ತು ನನ್ನನ್ನು ಮೆಟ್ಟಿಲ ಮೇಲಿಂದ ತಳ್ಳಿದರು. ತಳ್ಳಿದವನೇ ಕೆಳಗೆ ಬಂದು ಕೈಕೊಟ್ಟು ಎಬ್ಬಿಸಿ, "ಯಲ್ಲಾ, ಇನ್ನೊಂದು ಸಲ" ಅಂದ. ಮತ್ತೆ ಬಿದ್ದೆ. ಅದಾದ ಮೇಲೆ ಇನ್ನೊಂದು ಸಲ. ಕೊನೆಗೆ ಕೆಲಸ ಸಿಕ್ಕಿತು.

ಗಾಬರಿಯಾಗಬೇಡಿ. ಸಿನಿಮಾ ಕೆಲಸ. ನಾನು ಪಾಠ ಹೇಳುವ ಲೇಡೀಸ್ ಜಿಮ್‌ಗೆ ಒಬ್ಬ ಫೈಟ್ ಮಾಸ್ಟರ್ ಬಂದಿದ್ದ, ಥಿಯೋಡೋರ್ ಅಂತ. ಕೇಪ್‌ಟೌನ್‌ನವನು, ಬಿಳಿ ಜುಟ್ಟು, ನಿಮ್ಮ ವಯಸ್ಸೇ ಇರಬೇಕು. "ನಿಮ್ಮಲ್ಲಿ ಯಾರಿಗೆ ಬೀಳೋಕೆ ಬರುತ್ತೆ?" ಅಂತ ಕೇಳಿದ. ಉಳಿದವರೆಲ್ಲ ಹೇಗೆ ನಿಲ್ಲುತ್ತೇವೆ ಅಂತ ತೋರಿಸಿದರು. ಹುಡುಗಿಯರನ್ನು ಗರಡಿಯೊಳಗೆ ಬಿಡಲ್ಲ ಅಂದಾಗ ನೀವು ಹಿತ್ತಲಿಗೆ ಕೆಮ್ಮಣ್ಣು ಸುರಿಸಿ ಕಲಿಸಿದಿರಲ್ಲ, ಹಾಗೆ ಬಿದ್ದು ತೋರಿಸಿದೆ.

ಈಗ ಕೂತ್ಕೊಂಡು ಓದಿ. ಯಾರ ಸಿನಿಮಾ ಗೊತ್ತೇ? ಡೇನ್ ಕಾಲ್ಡರ್! ನಿಮ್ಮ ಹಾಲಿವುಡ್ ವಿಲನ್ ಕಾಲ್ಡರ್, ನೀವು ಪರ್ಸಿನಲ್ಲಿ ಚಾಮುಂಡಿ ಪಟದ ಹಿಂದೆ ಇಟ್ಟುಕೊಂಡಿರುವ ಮುರುಕು ಮೂಗಿನವನು. ಅವನ ಜೀವನವನ್ನೇ ಸಿನಿಮಾ ಮಾಡುತ್ತಿದ್ದಾರೆ. ಅವನ ಮರುಭೂಮಿ ಪಿಕ್ಚರ್ ತೆಗೆದ ಭಾಗಕ್ಕೆ ನಿಜವಾದ ಮರಳು ಬೇಕೆಂದು ಯೂನಿಟ್ ಇಲ್ಲಿಗೆ ಬಂದಿದೆ. ಜೆಕ್ರೀತ್ ಕಡೆ, ಊರಿಲ್ಲದ ಬಯಲಲ್ಲಿ ಸೆಟ್ ಹಾಕಿದ್ದಾರೆ. ಆ ಪಿಕ್ಚರಿನಲ್ಲಿ ನಾಯಕಿಗೆ ಡೂಪ್ ಮಾಡಿದ ನೆಲ್ ರೀಡ್ ಅನ್ನುವವಳ ಪಾತ್ರವೂ ಇದೆ. ಮಾತಾಡುವುದಕ್ಕೆ ಒಬ್ಬ ನಟಿ, ಬೀಳುವುದಕ್ಕೆ ನಾನು. ಡೂಪ್‌ಗೆ ಡೂಪ್.

ಅವನ ಬಗ್ಗೆ ನಿಮಗೆ ಗೊತ್ತಿರುವುದನ್ನೆಲ್ಲ ಬರೆಯಿರಿ. ಫೋನ್ ಅಂದರೆ ನಿಮಗೆ ಕಿವಿ ಕೇಳಲ್ಲ, ಮೆಸೇಜ್ ಅಂದರೆ ಕನ್ನಡಕ ಹುಡುಕಬೇಕು ಅಂತೀರಿ. ಜಿಮ್‌ಗೆ ಬರುವ ಗ್ರೀಷ್ಮಾ ನಾಳೆ ಮೈಸೂರಿಗೆ ಹೊರಟಿದ್ದಾಳೆ, ಇದು ಅವಳ ಕೈಯಲ್ಲಿ ಬರುತ್ತೆ. ಅಮ್ಮನಿಗೆ ಬಿದ್ದದ್ದು ಹೇಳಬೇಡಿ.

ನಿಮ್ಮ ಮೈ ಕೈ ನೋವಿನ ಮಗಳು,
ಇಂಚರಾ

*

ಮೈಸೂರು
೧೬ ನವೆಂಬರ್ ೨೦೨೩

ಮಗಳು ಇಂಚರಾಗೆ ಅಪ್ಪ ವೆಂಕಟರಾಮು ಬರೆಯುವುದು. ನಿನ್ನ ತಾಯಿ ಪುಟ್ಟಮ್ಮನೂ ನಾನೂ ಗಟ್ಟಿಯಾಗಿದ್ದೇವೆ. ನಿನ್ನ ಕಾಗದವನ್ನು ಗ್ರೀಷ್ಮಾ ತಂದುಕೊಟ್ಟ ದಿನ ನಾನು ಮಧ್ಯಾಹ್ನ ಮಲಗಲೇ ಇಲ್ಲ.

ಕಾಲ್ಡರ್ ಬಗ್ಗೆ ಕೇಳಿದ್ದೀಯ. ಹೇಳುತ್ತೇನೆ ಕೇಳು. ಅವನು ಕಲ್ಲಿದ್ದಲು ಗಣಿಯ ಊರಿನವನು. ಅಪ್ಪ ಬೆಲ್ಟಿನಲ್ಲಿ ಬಾರಿಸಿ ಬಾರಿಸಿ ಬೆಳೆಸಿದ. ಮೀಸೆ ಮೂಡುವ ಮೊದಲೇ ಗಣಿಗಿಳಿದ, ಅಲ್ಲಿಂದ ಓಡಿಹೋಗಿ ಜಾತ್ರೆ ಕಂಪನಿ ಸೇರಿದ. ಡೇರೆಯಲ್ಲಿ ನಿಲ್ಲುವುದು, ದುಡ್ಡು ಕೊಟ್ಟವರು ಬಂದು ಹೊಡೆಯುವುದು, ಗಂಟೆ ಹೊಡೆಯುವ ತನಕ ಇವನು ಬೀಳಬಾರದು. ಅದೇ ಅವನ ಆಟ. ಮೂಗಿನಲ್ಲಿ ಮೂಳೆಯೇ ಉಳಿಯಲಿಲ್ಲ. ಹಾಲಿವುಡ್‌ಗೆ ಹೋಗಿ ಗುಂಪಿನಲ್ಲಿ ನಿಲ್ಲುವ ಕೆಲಸಕ್ಕೆ ಸೇರಿದ. ಒಂದು ದಿನ ಹೀರೋ ಕುಡಿದು ಬಂದು ನಿಜವಾಗಿ ಬಾರಿಸಿದ. ಎಲ್ಲರೂ ಇವನು ಬೀಳುತ್ತಾನೆ ಅಂದುಕೊಂಡರೆ ಇವನು ಬಾಯಲ್ಲಿದ್ದ ಹಲ್ಲು ಉಗಿದು ನಕ್ಕನಂತೆ. ಮಾರನೇ ವಾರ ಅವನೇ ವಿಲನ್. ಆಮೇಲೆ ಅವನ ಹೆಸರು ಹೀರೋ ಹೆಸರಿಗಿಂತ ದೊಡ್ಡದಾಗಿ ಪೋಸ್ಟರಿನಲ್ಲಿ ಬಂತು. ಇದೆಲ್ಲ ಆಗಿನ ಸಿನಿಮಾ ಪತ್ರಿಕೆಯಲ್ಲಿ ಓದಿದ್ದು.

ನಾವು ನೋಡುವಾಗ ಅವು ಹಳೇ ಪಿಕ್ಚರುಗಳೇ. ಭಾನುವಾರ ಬೆಳಗಿನ ಆಟ. ಗರಡಿಯಲ್ಲಿ ಸಾಮು ಮುಗಿಸಿ, ಮೈಗೆ ಮಣ್ಣು ಇರುವ ಹಾಗೇ ಓಡುತ್ತಿದ್ದೆವು. ಮರುಭೂಮಿ ಪಿಕ್ಚರಿನಲ್ಲಿ ಒಂದು ಶಾಟ್ ಇದೆ. ಎತ್ತರದ ಮೆಟ್ಟಿಲು. ಹೆಂಗಸಿನ ಕತ್ತು ಎರಡು ಕೈಯಲ್ಲಿ ಹಿಡಿದು ಎತ್ತುತ್ತಾನೆ, ಅವಳ ಕಾಲು ಗಾಳಿಯಲ್ಲಿ ಒದ್ದಾಡುತ್ತೆ, ಎಸೆಯುತ್ತಾನೆ. ಬಟ್ಟೆ ಗಂಟು ಉರುಳಿದ ಹಾಗೆ ಉರುಳುತ್ತಾಳೆ. ಏನು ಬಿದ್ದಳು ಅಂತೀಯಾ! ಗಾಂಧಿ ಕ್ಲಾಸಿನಲ್ಲಿ ನಾವೆಲ್ಲ ಬೆಂಚಿನ ಮೇಲೆ ಹತ್ತಿ ನಿಂತು ಶಿಳ್ಳೆ ಹೊಡೆದೆವು. ಆ ಒಂದು ಶಾಟಿಗಾಗಿ ಮತ್ತೆ ಮತ್ತೆ ಹೋದೆವು.

ನಾನು ಫೈಟರ್ ಆಗಿ ಮಾಡಿದ ಮೊದಲನೇ ಪಿಕ್ಚರಿನಲ್ಲಿ ನಮ್ಮ ಹೀರೋ ನನ್ನ ಎಡಗಿವಿಗೆ ಕೊಟ್ಟದ್ದು ನಿನಗೆ ಗೊತ್ತೇ ಇದೆ. ಲೆಕ್ಕಕ್ಕೆ ಅದು ಗಾಳಿಯಲ್ಲಿ ಹೋಗಬೇಕಾದ ಏಟು. ಕಿವಿಯಿಂದ ಬಿಸಿ ಇಳಿಯಿತು. ಕ್ಯಾಮರಾ ಓಡುತ್ತಿತ್ತು, ಅಲ್ಲಾಡಲಿಲ್ಲ. ಕಾಲ್ಡರ್ ಆಗಿದ್ದರೆ ಏನು ಮಾಡುತ್ತಿದ್ದ ಅಂತ ಯೋಚಿಸಿದೆ, ಅಷ್ಟೇ. ಶಾಟ್ ಓಕೆ ಆಯಿತು. ಯೂನಿಟ್ಟೆಲ್ಲ ಚಪ್ಪಾಳೆ ಹೊಡೆದದ್ದು ಬಲಗಿವಿಗೆ ಕೇಳಿಸಿತು. ಅದೂ ಹೋದದ್ದು ಆಮೇಲೆ.

ಗದ್ದ ಎದೆಗೆ ಒತ್ತಿಕೊ. ಬೀಳುವಾಗ ಉಸಿರು ಬಿಡು. ಸೆಟ್ಟಿನ ಒಂದು ಫೋಟೋ ಕಳಿಸು.

ಇಂತಿ,
ನಿನ್ನ ಅಪ್ಪ

*

ದೋಹಾ
೧೫ ಡಿಸೆಂಬರ್ ೨೦೨೩

ಅಪ್ಪಾ,

ಫೋಟೋ ತೆಗೆಯಲು ಬಿಡುವುದಿಲ್ಲ. ಮಾತಲ್ಲೇ ಹೇಳುತ್ತೇನೆ. ಬಿಳಿ ಬಯಲು, ಉಪ್ಪು ಗಾಳಿ, ಅದರ ನಡುವೆ ಸುಳ್ಳು ಅರಮನೆ. ಅದರೊಳಗೆ ಆ ಮೆಟ್ಟಿಲು.

ಕಾಲ್ಡರ್ ಪಾತ್ರ ಮಾಡುವವನ ಹೆಸರು ಹೇಲ್. ದೊಡ್ಡ ನಟನಂತೆ. ಪಾತ್ರದಿಂದ ಹೊರಗೇ ಬರುವುದಿಲ್ಲ ಅಂತ ಶಪಥ ಮಾಡಿದ್ದಾನೆ. ಅವನನ್ನು ಹೇಲ್ ಅಂತ ಕರೆಯುವ ಹಾಗಿಲ್ಲ, "ಮಿಸ್ಟರ್ ಕಾಲ್ಡರ್" ಅನ್ನಬೇಕು. ಹೋದ ವಾರ ಒಬ್ಬ ಲೈಟ್‌ಮನ್, ನೇಪಾಳದವನು, ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಿಂದ ಬೆಳಗಿನ ಬಸ್ಸಿನಲ್ಲಿ ಬರುವವನು, ಬಾಯಿ ತಪ್ಪಿ "ಹೇಲ್ ಸರ್" ಅಂದ. ಕೆನ್ನೆಗೆ ಬಿತ್ತು. ಆ ಮನುಷ್ಯ ಹಿಡಿದಿದ್ದ ಸ್ಟ್ಯಾಂಡ್ ಸಮೇತ ಕೆಳಗೆ. ಡೈರೆಕ್ಟರ್ ನಕ್ಕ: "ಅದು ಕಾಲ್ಡರ್ ಹೊಡೆದದ್ದು ಕಣಪ್ಪ, ನೀನು ಪುಣ್ಯವಂತ." ಎಲ್ಲರೂ ನಕ್ಕರು. ಸೋಮವಾರ ಇನ್ನೊಬ್ಬ ನಟನ ತುಟಿ ಹರಿಯಿತು, ಹೊಲಿಗೆ ಹಾಕಿಸಿದರು. ಆ ಟೇಕನ್ನೇ ಇಟ್ಟುಕೊಂಡಿದ್ದಾರೆ.

ನಿಮಗೆ ಒಂದು ವಿಷಯ ಬರೆಯಬೇಕು. ದುಖಾನ್ ರಸ್ತೆಯಲ್ಲಿ ವಾಪಸ್ ಬರುವಾಗ ವ್ಯಾನಿನಲ್ಲಿ ಥಿಯೋಡೋರ್‌ಗೆ ನಿಮ್ಮ ಶಿಳ್ಳೆಯ ಕಥೆ ಹೇಳಿದೆ. ಅವನು ಕಿಟಕಿ ಕಡೆ ತಿರುಗಿ ಕೂತುಬಿಟ್ಟ. ಆಮೇಲೆ, "ನೀನು ಸ್ಕ್ರಿಪ್ಟ್ ಪೂರ್ತಿ ಓದಿಲ್ಲವಾ?" ಅಂದ.

ಅಪ್ಪಾ, ಆ ಶಾಟ್ ನಟನೆ ಅಲ್ಲ.

ನೆಲ್ ರೀಡ್ ಕುದುರೆ ಪಳಗಿಸುವವರ ಮಗಳು. ಕಾಲ್ಡರ್ ಹಿಂದಿನ ದಿನ ಅವಳ ಕೋಣೆಯ ಬಾಗಿಲು ಬಡಿದಿದ್ದ, ಅವಳು ತೆಗೆದಿರಲಿಲ್ಲ. ಬೆಳಗ್ಗೆಯಿಂದ ಕುಡಿದಿದ್ದ. ಕ್ಯಾಮರಾಗೆ ಅಡ್ಡ ಬರುತ್ತೆ ಅಂತ ಕೆಳಗಿನ ಹಾಸಿಗೆ ತೆಗೆಸಿದ್ದರು. ಕತ್ತು ನಿಜವಾಗಿ ಹಿಸುಕಿದ. ಅವಳ ಕಾಲು ಒದ್ದಾಡಿದ್ದು ಉಸಿರಿಗೆ. ಎಸೆದಾಗ ಬೆನ್ನುಮೂಳೆ ಮುರಿಯಿತು. ಮತ್ತೆ ಅವಳು ನಡೆಯಲಿಲ್ಲ. ಸ್ಟುಡಿಯೋದವರು ಕಾಲು ಜಾರಿತು ಅಂತ ಬರೆಸಿದರು, ಶಾಟನ್ನು ಪಿಕ್ಚರಿನಲ್ಲಿ ಬಿಟ್ಟರು, ಅವಳ ಹೆಸರನ್ನು ತೆಗೆದರು. ಅವನ ಎರಡನೇ ಹೆಂಡತಿಯ ದವಡೆ ಅವನ ಏಟಿಗೆ ಮುರಿದು, ಡಾಕ್ಟರು ತಂತಿ ಕಟ್ಟಿದ್ದರಂತೆ. ಮೂರನೆಯವಳು ಸ್ನಾನದ ಮನೆ ಕಿಟಕಿಯಿಂದ ಹಾರಿ ತಪ್ಪಿಸಿಕೊಂಡಳಂತೆ. ಇದೆಲ್ಲ ಅವನು ಸತ್ತ ಮೇಲೆ ಹೊರಗೆ ಬಂದದ್ದು. ನಿಮ್ಮ ಪತ್ರಿಕೆಯಲ್ಲಿ ಬಂದಿರಲಿಕ್ಕಿಲ್ಲ.

ಆ ಮೆಟ್ಟಿಲಿನ ದೃಶ್ಯ ಜನವರಿಯಲ್ಲಿ ತೆಗೆಯುತ್ತಾರೆ. ಹೇಲ್ ನನ್ನ ಕತ್ತನ್ನೇ ನೋಡುತ್ತಿರುತ್ತಾನೆ. ನನಗೆ ಬಿಟ್ಟುಬಿಡೋಣ ಅನ್ನಿಸುತ್ತಿದೆ. ನೀವು ಏನಂತೀರಿ?

ಇಂಚರಾ

*

ಮೈಸೂರು
೨ ಜನವರಿ ೨೦೨೪

ಇಂಚರಾ,

ಸತ್ತವನು ಎದ್ದು ಬಂದು ಇಲ್ಲ ಅನ್ನುವುದಿಲ್ಲ. ಅದಕ್ಕೇ ಅವನ ಮೇಲೆ ಏನು ಬೇಕಾದರೂ ಹೇರುತ್ತಾರೆ. ಈಗಿನವರಿಗೆ ದೊಡ್ಡವರನ್ನು ಕೆಳಗೆ ಹಾಕುವುದೇ ಪಿಕ್ಚರು. ನಾನು ನಂಬುವುದಿಲ್ಲ.

ಇನ್ನು ಪೆಟ್ಟು. ಪೆಟ್ಟು ನಮ್ಮ ಕಸುಬಿನಲ್ಲಿ ಇದ್ದದ್ದೇ. ಗಿರಿಧರ್ ನೆನಪಿದ್ದಾನಾ, ಹಬ್ಬಕ್ಕೆ ಬಂದರೆ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದವನು? ಅವನ ಬಲಗೈ ಬೆರಳು ಮಡಿಸಲು ಬರುತ್ತಿರಲಿಲ್ಲ, ನೀನು ಅದನ್ನು ಎಳೆದು ಆಡುತ್ತಿದ್ದೆ. ಬೆಂಗಳೂರಿನಲ್ಲಿ ಕಿಟಕಿ ಒಡೆದು ಬೀಳುವ ಶಾಟು. ಫೈಟಿಗೆ ಮಾಡಿಸುವ ತೆಳು ಗಾಜು ಬಂದಿರಲಿಲ್ಲ. ಮಾಮೂಲಿ ಗಾಜು ಹಾಕಿಬಿಟ್ಟರು. ಗಿರಿಧರ್ ಆ ಕಡೆಯಿಂದ ಬಂದಾಗ ಕೈ ಮೊಣಕೈವರೆಗೂ ಸೀಳಿ ತೆರೆದುಕೊಂಡಿತ್ತು, ನರ ಬಿಳಿ ದಾರದ ಹಾಗೆ ಕಾಣುತ್ತಿತ್ತು. ಹೀರೋ ರಕ್ತ ನೋಡಿ, "ಕಟ್ ಮಾಡಬೇಡಿ, ಕಟ್ ಮಾಡಬೇಡಿ" ಅಂತ ಕೂಗಿದ, ಬಂದು ಆ ಕೈ ಮೇಲೇ ಒದ್ದ. ಗಿರಿಧರ್ ಡೈಲಾಗ್ ಮುಗಿಯುವ ತನಕ ಮಲಗಿದ್ದ. ಸಂಜೆ ಆಸ್ಪತ್ರೆಗೆ ಹೀರೋ ಮನೆಯಿಂದ ಒಂದು ಬುಟ್ಟಿ ಸೇಬು ಬಂತು. ನಾವೆಲ್ಲ ಸುತ್ತ ಕೂತು ತಿಂದೆವು. ಯಾರೂ ಪೊಲೀಸಿಗೆ ಹೋಗಲಿಲ್ಲ, ಯಾರೂ ಪತ್ರಿಕೆಗೆ ಹೇಳಲಿಲ್ಲ.

ಹಾಗಂತ ಅಂಥವರನ್ನೆಲ್ಲ ಕೆಟ್ಟವರು ಅನ್ನುವುದಕ್ಕಾಗುತ್ತದೆಯೇ.

ಒಪ್ಪಿಕೊಂಡ ಶಾಟನ್ನು ಮಧ್ಯೆ ಬಿಟ್ಟು ಬರಬೇಡ. ವೆಂಕಟರಾಮು ಮಗಳು ಮೆಟ್ಟಿಲು ಕಂಡು ಇಳಿದು ಹೋದಳು ಅನ್ನಿಸಿಕೊಳ್ಳಬೇಡ.

ಅಪ್ಪ

*

ಓಲ್ಡ್ ಏರ್‌ಪೋರ್ಟ್, ದೋಹಾ
೨೯ ಜನವರಿ ೨೦೨೪

ವೆಂಕಟರಾಮು ಅಂಕಲ್ ಅವರಿಗೆ ಅಸೀಫಾಳ ನಮಸ್ಕಾರಗಳು.

ನಾನು ಇಂಚರಾಳ ರೂಮ್‌ಮೇಟ್, ಅವಳ ಜಿಮ್‌ನಲ್ಲೇ ರಿಸೆಪ್ಶನ್‌ನಲ್ಲಿ ಇದ್ದೇನೆ. ಊರು ಉಪ್ಪಿನಂಗಡಿ. ಮನೆಯಲ್ಲಿ ನಮ್ಮದು ಬ್ಯಾರಿ ಭಾಷೆ, ಕನ್ನಡ ಶಾಲೆಯಲ್ಲಿ ಕಲಿತದ್ದು, ತಪ್ಪಿದ್ದರೆ ಬೇಜಾರು ಮಾಡಬೇಡಿ.

ಮೊದಲಿಗೆ ಹೇಳುತ್ತೇನೆ, ಇಂಚರಾ ಬದುಕಿದ್ದಾಳೆ. ಎದ್ದು ಕೂರುತ್ತಾಳೆ, ಗಂಜಿ ಕುಡಿಯುತ್ತಾಳೆ. ಆಂಟಿಗೆ ಫೋನಿನಲ್ಲಿ ಬಿದ್ದು ಪೆಟ್ಟಾಗಿದೆ ಅಂತ ಮಾತ್ರ ಹೇಳಿದ್ದೇವೆ. ಉಳಿದದ್ದು ನಿಮಗೆ ಇದ್ದ ಹಾಗೆ ಬರೆ ಅಂತ ಅವಳೇ ಹೇಳಿದಳು. ಬಲಗೈ ಎದೆಗೆ ಕಟ್ಟಿದ್ದಾರೆ, ಸ್ವರವೂ ಬರುವುದಿಲ್ಲ, ಪಿಸುಗುಟ್ಟುತ್ತಾಳೆ.

ಶುಕ್ರವಾರ ಜಿಮ್‌ಗೆ ರಜೆ ಅಂತ ನಾನೂ ಶೂಟಿಂಗ್ ನೋಡಲಿಕ್ಕೆ ಹೋಗಿದ್ದೆ. ಆ ದಿನವೇ ಮೆಟ್ಟಿಲಿನ ಸೀನ್. ಕೆಳಗೆ ದಪ್ಪ ಹಾಸಿಗೆ ಇತ್ತು. ಥಿಯೋಡೋರ್ ಎಲ್ಲರ ಎದುರು ಹೇಳಿದ್ದರು, ಹೇಲ್‌ನ ಕೈ ಕುತ್ತಿಗೆಯ ಬದಿಯಲ್ಲಿ ಮಾತ್ರ ಇರಬೇಕು, ಇಂಚರಾ ಅವನ ಹೆಗಲಿಗೆ ಎರಡು ಸಲ ತಟ್ಟಿದರೆ ಬಿಡಬೇಕು, ಅಂತ. ಅವರು ಕೆಳಗೆ ಇಳಿದದ್ದೇ ಡೈರೆಕ್ಟರ್ ಹಾಸಿಗೆಯನ್ನು ಗೋಡೆ ಬದಿಗೆ ಎಳೆಸಿದ. ಫ್ರೇಮ್‌ಗೆ ಬರ್ತದೆ ಅಂತ. ಥಿಯೋಡೋರ್ ಏನೋ ಕೂಗಿದರು, ಅಷ್ಟರಲ್ಲಿ ಆಕ್ಷನ್ ಅಂದಾಗಿತ್ತು.

ಅಂಕಲ್, ಅವನು ಹಿಸುಕಿದ. ಮೊದಲಿಗೆ ನನಗೂ ಆ್ಯಕ್ಟಿಂಗ್ ಅಂತಲೇ ಕಂಡದ್ದು. ಇಂಚರಾ ಅವನ ಹೆಗಲಿಗೆ ತಟ್ಟಿದಳು. ಮತ್ತೆ ತಟ್ಟಿದಳು. ಆಮೇಲೆ ಬಡಿದಳು. ಅವಳ ಮುಖ ನೇರಳೆ ಬಣ್ಣಕ್ಕೆ ಬಂತು, ಕಣ್ಣು ಹೊರಗೆ ಬಂದ ಹಾಗೆ ಆಯಿತು, ಕಾಲು ನೆಲದಲ್ಲಿ ಇರಲಿಲ್ಲ. ನಾನು "ಕಟ್, ಕಟ್" ಅಂತ ಬೊಬ್ಬೆ ಹಾಕಿದೆ. ಡೈರೆಕ್ಟರ್ ನನ್ನ ಕಡೆ ತಿರುಗಿ ಬೆರಳು ತುಟಿಗೆ ಇಟ್ಟ. ಸುಮ್ಮನಿರು ಅಂತ!

ಆಗ ಇಂಚರಾ ತಟ್ಟುವುದನ್ನು ನಿಲ್ಲಿಸಿದಳು. ಸತ್ತೇ ಹೋದಳು ಅಂದುಕೊಂಡೆ. ಇಲ್ಲ. ಅವನ ಮಣಿಕಟ್ಟು ಹಿಡಿದು, ಇನ್ನೊಂದು ಕೈ ಅವನ ಮೊಣಕೈ ಕೆಳಗೆ ಕೊಟ್ಟು, ಇಡೀ ಮೈಯನ್ನು ತಿರುಗಿಸಿದಳು. ಕಬ್ಬು ಮುರಿದ ಹಾಗೆ ಶಬ್ದ ಬಂತು. ಅವನು ಕೂಗಿದ್ದು ಮನುಷ್ಯರ ಕೂಗಿನ ಹಾಗೆ ಇರಲಿಲ್ಲ. ಇಬ್ಬರೂ ಮೆಟ್ಟಿಲ ಬದಿಯ ಕಟಾಂಜನ ಮುರಿದುಕೊಂಡು ಕೆಳಗೆ ಬಿದ್ದರು. ಅವನು ಹಾಸಿಗೆ ಮೇಲೆ, ಇವಳು ನೆಲಕ್ಕೆ. ಇವಳ ಹೆಗಲಿನ ಎಲುಬು ತುಂಡಾಗಿದೆ, ಪಕ್ಕೆಲುಬು ಎರಡು. ಬಾಯಿಂದ ರಕ್ತ ಬರುತ್ತಿತ್ತು. ಓಡಿ ಬಂದವರೆಲ್ಲ ಅವನ ಹತ್ತಿರ ಹೋದರು ಅಂಕಲ್. ಇವಳ ತಲೆ ಎತ್ತಿ ಮಡಿಲಿನಲ್ಲಿ ಇಟ್ಟದ್ದು ನಾನು, ಥಿಯೋಡೋರ್, ಮತ್ತೆ ಒಬ್ಬ ನೇಪಾಳಿ ಲೈಟ್‌ಮನ್.

ಈಗ ಕಂಪನಿಯವರು ಪೊಲೀಸಿಗೆ ದೂರು ಕೊಟ್ಟಿದ್ದಾರೆ. ಇವಳು ಬೇಕಂತಲೇ ನಟನ ಕೈ ಮುರಿದಳು, ಶೂಟಿಂಗ್ ಹಾಳಾಯಿತು, ಅಂತ. ಕೇಸ್ ಮುಗಿಯುವ ತನಕ ಇವಳು ದೇಶ ಬಿಟ್ಟು ಹೋಗುವ ಹಾಗಿಲ್ಲ. ಥಿಯೋಡೋರ್ ಆಸ್ಪತ್ರೆಗೆ ಬಂದಿದ್ದರು, ಕಾಲ ಹತ್ತಿರ ನಿಂತು ಅತ್ತರು, ಆದರೆ ಸಾಕ್ಷಿ ಹೇಳ್ತೀರಾ ಅಂತ ಕೇಳಿದ ಕೂಡಲೇ ಕಣ್ಣು ಒರೆಸಿಕೊಂಡು ಹೊರಗೆ ಹೋದರು.

ನಾನು ಇದ್ದೇನೆ, ನೀವು ಧೈರ್ಯದಿಂದಿರಿ.

ಅಸೀಫಾ

*

ದೋಹಾ
೨೨ ಫೆಬ್ರವರಿ ೨೦೨೪

ಅಪ್ಪಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಒಂದನೇ ಕ್ಲಾಸಿನವರದ್ದಾಗಿದೆ. ಅಸೀಫಾಳ ಪತ್ರಕ್ಕೆ ನೀವು ಉತ್ತರ ಬರೆಯಲಿಲ್ಲ. ನೀವು ಹಿತ್ತಲಲ್ಲಿ ಕೂತಿರುತ್ತೀರಿ, ಊಟಕ್ಕೆ ಕರೆದರೆ ಬರುವುದಿಲ್ಲ ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ಅವಳಿಗೆ ಎಲ್ಲ ಗೊತ್ತಾಗಿದೆ. ಆಸ್ಪತ್ರೆಯಿಂದ ಬಂದಿದ್ದೇನೆ. ಕತ್ತಿನ ಮೇಲೆ ಅವನ ಹೆಬ್ಬೆರಳಿನ ಗುರುತು ಹಳದಿಗೆ ತಿರುಗಿದೆ. ನುಂಗುವಾಗ ಇನ್ನೂ ಅವನ ಕೈ ಇದೆ ಅನ್ನಿಸುತ್ತೆ.

ನಿನ್ನೆ ಕಂಪನಿಯ ವಕೀಲ, ಡೈರೆಕ್ಟರ್, ಇಬ್ಬರೂ ಮನೆಗೆ ಬಂದಿದ್ದರು. ಹೂವು ತಂದಿದ್ದರು. ಡೈರೆಕ್ಟರ್ ಲ್ಯಾಪ್‌ಟಾಪ್ ತೆಗೆದು ಆ ಶಾಟ್ ತೋರಿಸಿದ. ನಾನು ಸಾಯುತ್ತಿರುವುದನ್ನು ನಾನೇ ನೋಡಿದೆ. ಅಸೀಫಾ ಎದ್ದು ಬಾತ್‌ರೂಮಿಗೆ ಓಡಿ ವಾಂತಿ ಮಾಡಿಕೊಂಡಳು. ಅವನು ನಿಧಾನಕ್ಕೆ, "ಎಷ್ಟು ಚೆನ್ನಾಗಿ ಬಂದಿದೆ ನೋಡು" ಅಂದ. ನಿಜವಾಗಿ ಅಷ್ಟೇ ಅಂದ, ಅಪ್ಪಾ. ಕೈ ಮುರಿಯುವ ಮೊದಲಿನ ತನಕ ಪಿಕ್ಚರಿನಲ್ಲಿ ಹಾಕುತ್ತಾರಂತೆ. ಅದಕ್ಕೆ ನನ್ನ ಒಪ್ಪಿಗೆ ಬೇಕಂತೆ. ಒಪ್ಪಿದರೆ ದೂರು ವಾಪಸ್, ಖಲಾಸ್, ಊರಿಗೆ ಹೋಗಬಹುದು. ಒಪ್ಪದಿದ್ದರೆ ಕೇಸ್ ನಡೆಯುತ್ತೆ.

ಕಥೆಯ ಕೊನೆಯನ್ನೂ ಹೇಳಿದರು. ಮುದುಕನಾದ ಕಾಲ್ಡರ್ ನೆಲ್ ಮನೆಗೆ ಹೋಗಿ ಮಂಚದ ಪಕ್ಕ ಮಂಡಿಯೂರುತ್ತಾನೆ, ಅವಳು ಅವನ ಕೈ ಹಿಡಿದು ಕ್ಷಮಿಸುತ್ತಾಳೆ. ಹೀಗೆ ನಡೆದಿತ್ತಾ ಅಂತ ಥಿಯೋಡೋರ್‌ಗೆ ಆಮೇಲೆ ಫೋನ್ ಮಾಡಿ ಕೇಳಿದೆ. ಕಾಲ್ಡರ್ ಯಾವತ್ತೂ ಹೋಗಿರಲಿಲ್ಲ. ಪಿಕ್ಚರು ಸಿಗದ ಹಾಗಾಗಿ, ಒಂದು ಬಾರ್ ಮೇಲಿನ ಬಾಡಿಗೆ ಕೋಣೆಯಲ್ಲಿ ಕುಡಿದು ಸತ್ತ. ಎದುರುಮನೆಯವನ ಜೊತೆ ಹೊಡೆದಾಡಿ ಗೆಣ್ಣು ಒಡೆದುಕೊಂಡಿದ್ದನಂತೆ, ಆ ಕೈಗೆ ಬಟ್ಟೆ ಸುತ್ತಿತ್ತಂತೆ. ನೆಲ್ ತಂಗಿಯ ಮನೆಯಲ್ಲಿ ಅವನಿಗಿಂತ ಬಹಳ ವರ್ಷ ಬದುಕಿದಳು. ಪತ್ರಿಕೆಯವರು ಬಂದರೆ ಮುಖ ಗೋಡೆ ಕಡೆ ತಿರುಗಿಸುತ್ತಿದ್ದಳು.

ಇನ್ನೊಂದು ಇದೆ. ಅಸೀಫಾಗೂ ಹೇಳಿಲ್ಲ. ಅವನ ಮೊಣಕೈ ಟಕ್ ಅಂದಾಗ, ಆ ಶಬ್ದ ನನ್ನ ಕೈಯೊಳಗೆ ಬಂದಾಗ, ನನಗೆ ಖುಷಿಯಾಯಿತು. ಭಯವಲ್ಲ, ಬದುಕಿದೆ ಅನ್ನುವ ನೆಮ್ಮದಿಯೂ ಅಲ್ಲ. ಖುಷಿ. ಇನ್ನೂ ಮುರಿಯಬೇಕು ಅನ್ನಿಸಿತು. ಕಣ್ಣು ಮುಚ್ಚಿದರೆ ಆ ಶಬ್ದವನ್ನೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತೇನೆ, ಇಷ್ಟದ ಹಾಡಿನ ಹಾಗೆ. ಕಾಲ್ಡರ್‌ಗೂ ಹೀಗೇ ಆಗುತ್ತಿತ್ತಾ? ನಾನೂ ಅಂಥವಳೇನಾ?

ಅವರಿಗೆ ಏನು ಹೇಳಲಿ? ಬರೆಯಿರಿ.

ಇಂಚರಾ

*

ಮೈಸೂರು
೮ ಮಾರ್ಚ್ ೨೦೨೪

ಕೂಸೇ,

ನಿನ್ನ ಪತ್ರ ಬಂದ ಮಾರನೇ ದಿನ ನಾನು ಬೆಂಗಳೂರಿಗೆ ಹೋಗಿದ್ದೆ. ಕಣ್ಣು ತೋರಿಸಿಕೊಂಡು ಬರುತ್ತೇನೆ ಅಂತ ನಿನ್ನ ತಾಯಿಗೆ ಹೇಳಿದೆ. ಹೋದದ್ದು ನಮ್ಮ ಹೀರೋ ಮನೆಗೆ. ಹೆಸರು ಬರೆಯುವುದಿಲ್ಲ, ನಿನಗೆ ಗೊತ್ತು.

ಹೊಡೆಯಬೇಕು ಅಂತಲೇ ಹೋದೆ.

ವರಾಂಡದಲ್ಲಿ ಬೆತ್ತದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಗುರುತು ಹಿಡಿಯಲಿಕ್ಕಿಲ್ಲ ಅಂದುಕೊಂಡಿದ್ದೆ. ಹಿಡಿದರು. "ಏ ವೆಂಕಟರಾಮು, ಬಾರೋ ಬಾರೋ" ಅಂತ ಎರಡು ಕೈ ಚಾಚಿದರು. ಅವರ ತುಟಿ ಓದುವುದು ನನಗೆ ಕಷ್ಟವಲ್ಲ, ಅಷ್ಟು ಪಿಕ್ಚರಿನಲ್ಲಿ ಆ ತುಟಿಯನ್ನೇ ನೋಡಿಕೊಂಡು ಪೆಟ್ಟಿಗೆ ಕಾದಿದ್ದೇನೆ. ಕಾಫಿ ತರಿಸಿದರು. ಬಾಗಿಲಲ್ಲಿ ನಿಂತಿದ್ದ ಡ್ರೈವರನ್ನು ಕರೆದು, "ಇವನಿಗೆ ಒಂದು ಏಟು ಕೊಟ್ಟಿದ್ದೆ ನೋಡು, ಥಿಯೇಟರಿನಲ್ಲಿ ಪರದೆಗೆ ಚಿಲ್ಲರೆ ಎಸೆದರು" ಅಂದರು. ಹೇಗೆ ಕೊಟ್ಟೆ ಅಂತ ತೋರಿಸಲು ಅಂಗೈ ಎತ್ತಿ ನನ್ನ ಎಡಗಿವಿ ಹತ್ತಿರ ತಂದರು.

ಎದ್ದು ಬಾರಿಸಿದೆ. ಕನ್ನಡಕ ಹಾರಿ ಗೋಡೆಗೆ ಬಿತ್ತು. ತುಟಿ ಒಡೆದು ಶಾಲಿನ ಮೇಲೆ ರಕ್ತ ಇಳಿಯಿತು. ಅವರು ತಿರುಗಿ ಹೊಡೆಯಲಿಲ್ಲ, ಕಿವಿ ಮುಚ್ಚಿಕೊಂಡು ಮಗುವಿನ ಹಾಗೆ ಬಾಯಿ ಅಗಲಿಸಿ ಅತ್ತರು. ಯಾಕೆ ಅಂತ ಅವರಿಗೆ ಗೊತ್ತಾಗಲೇ ಇಲ್ಲ. ಡ್ರೈವರು ನನ್ನ ಕೈ ತಿರುಚಿ ಗೇಟಿನ ಹೊರಗೆ ದಬ್ಬಿದ. ರಸ್ತೆಯಲ್ಲಿ ಮಂಡಿ ಕಿತ್ತುಹೋಯಿತು. ಪೊಲೀಸಿಗೆ ಹೇಳುತ್ತಾರೆ ಅಂದುಕೊಂಡು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಯಾರೂ ಬರಲಿಲ್ಲ.

ನನಗೆ ಖುಷಿ ಆಗಲಿಲ್ಲ, ಇಂಚರಾ. ಆಗುತ್ತೆ ಅಂತ ಇಷ್ಟು ವರ್ಷ ಕಾದಿದ್ದೆ ಅನ್ನುವುದು ಹೊಡೆದ ಮೇಲೆ ಗೊತ್ತಾಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಅಂಗೈ ಮಾತ್ರ ಉರಿಯುತ್ತಿತ್ತು.

ನಿನ್ನ ಪ್ರಶ್ನೆಗೆ ಉತ್ತರ ನನಗೆ ಆ ಬಸ್ಸಿನಲ್ಲಿ ಸಿಕ್ಕಿತು. ನಾನು ಹೊಡೆದದ್ದು ಕಾಫಿ ಲೋಟ ಹಿಡಿದು ಕೂತಿದ್ದ ಮುದುಕನಿಗೆ. ಕಾಲ್ಡರ್ ಹಿಸುಕಿದ್ದು ಅವನಿಗೆ ಏನೂ ಮಾಡದ ಹೆಣ್ಣಿನ ಕತ್ತನ್ನು. ನೀನು ಮುರಿದದ್ದು ನಿನ್ನ ಉಸಿರು ಕಟ್ಟಿದ್ದ ಕೈಯನ್ನು. ಉಸಿರು ವಾಪಸ್ ಬಂದಾಗ ಮೈ ಕುಣಿಯುತ್ತದೆ. ಅದು ಕುಣಿಯದಿದ್ದರೆ ನಾವು ಯಾರೂ ಇರುತ್ತಿರಲಿಲ್ಲ. ಖುಷಿಪಡು. ಆ ಶಬ್ದ ಕೇಳಿಸಿದರೆ ಕೇಳಿಸಿಕೊ. ಸಾಕಾದ ದಿನ ಅದೇ ನಿಲ್ಲುತ್ತದೆ.

ಆ ಶಾಟನ್ನು ಕೊಡಬೇಡ. ನಾನು ಬೆಂಚು ಹತ್ತಿ ಶಿಳ್ಳೆ ಹೊಡೆದೆ. ಆ ಹುಡುಗಿ ಸಾಯುತ್ತಿದ್ದಳು, ನಾನು ಶಿಳ್ಳೆ ಹೊಡೆದೆ. ನಿನ್ನ ಕಾಲು ಒದ್ದಾಡುವುದಕ್ಕೆ ಯಾವ ಊರಿನಲ್ಲೂ ಯಾವನೂ ಶಿಳ್ಳೆ ಹೊಡೆಯಬಾರದು. ಜೈಲಾದರೆ ಆಗಲಿ, ನಾನೇ ಬಂದು ಗೇಟಿನ ಹತ್ತಿರ ಕೂರುತ್ತೇನೆ.

ನನ್ನ ಜನವರಿಯ ಪತ್ರ ನಿನ್ನ ಹತ್ತಿರ ಇದ್ದರೆ ಹರಿದುಹಾಕು.

ನಿನ್ನ ಅಪ್ಪ

*

ದೋಹಾ
೧೯ ಏಪ್ರಿಲ್ ೨೦೨೪

ಅಪ್ಪಾ,

ಬಲಗೈಯಲ್ಲೇ ಬರೆಯುತ್ತಿದ್ದೇನೆ. ಹೆಗಲು ಇನ್ನೂ ಪೂರ್ತಿ ಮೇಲೆ ಹೋಗುವುದಿಲ್ಲ.

ನಿಮ್ಮ ಪತ್ರ ಬಂದ ದಿನವೇ ವಕೀಲನಿಗೆ ಫೋನ್ ಮಾಡಿ ಕೊಡುವುದಿಲ್ಲ ಅಂದೆ. "ಯೋಚನೆ ಮಾಡಿದ್ದೀಯಾ?" ಅಂದ. ಇಲ್ಲಿಯವರ ಮಾತಿನಲ್ಲೇ, "ಮಾಫಿ, ಇನ್ನೇನೂ ಇಲ್ಲ. ಯೋಚನೆ ಮುಗೀತು" ಅಂದೆ. ರಂಜಾನ್‌ನಲ್ಲಿ ಆಫೀಸುಗಳೆಲ್ಲ ಅರ್ಧ ದಿನ, ಏನೂ ಆಗಲಿಲ್ಲ. ಹಬ್ಬ ಕಳೆದ ಮೇಲೆ ಠಾಣೆಯಿಂದ ಕರೆ ಬಂತು. ಅಸೀಫಾಗೆ ಅರೇಬಿಕ್ ಓದಲು, ಮಾತಾಡಲು ಬರುತ್ತೆ, ನನ್ನ ಮಾತನ್ನು ಅವರಿಗೆ ಹೇಳಲು ಜೊತೆಗೆ ಬಂದಳು.

ಅಲ್ಲಿ ಗೊತ್ತಾಯಿತು, ಪೊಲೀಸರು ಕಂಪನಿಯವರಿಗೆ ಆ ದಿನದ ಶೂಟಿಂಗ್ ಪೂರ್ತಿ ತಂದುಕೊಡಿ ಅಂದಿದ್ದರಂತೆ. ನನ್ನ ಮೇಲಿನ ದೂರು ಸಾಬೀತಾಗಬೇಕಾದರೆ ಅವರು ಆ ಶಾಟ್ ತೋರಿಸಬೇಕು. ತೋರಿಸಿದರೆ ನಾನು ಅವನ ಹೆಗಲಿಗೆ ಬಡಿಯುತ್ತಿರುವುದೂ ಕಾಣುತ್ತದೆ. ಹಾಗಾಗಿ ಅವರೇ ದೂರನ್ನು ವಾಪಸ್ ತೆಗೆದುಕೊಂಡಿದ್ದಾರೆ. ಯೂನಿಟ್ ಸಾಮಾನು ಕಟ್ಟಿಕೊಂಡು ಹೋಗಿದೆ. ಹೇಲ್ ಮಾರ್ಚಿನಲ್ಲೇ ತನ್ನ ದೇಶಕ್ಕೆ ಹಾರಿದ. ಪಿಕ್ಚರು ಯಾವತ್ತು ಬರುತ್ತೋ, ಬರುತ್ತೋ ಇಲ್ಲವೋ, ಗೊತ್ತಿಲ್ಲ. "ನೀನಿನ್ನು ಊರಿಗೆ ಹೋಗಬಹುದು" ಅಂದರು.

ನಾನು ಎದ್ದೆ. ಬಾಗಿಲ ತನಕ ಹೋದೆ. ತಿರುಗಿ ಬಂದು ಕೂತು, "ನನ್ನ ದೂರು ಬರೆದುಕೊಳ್ಳಿ" ಅಂದೆ. ಅಸೀಫಾ ನನ್ನ ಮುಖ ನೋಡಿದಳು, ಆಮೇಲೆ ಅದನ್ನೇ ಅರೇಬಿಕ್‌ನಲ್ಲಿ ಹೇಳಿದಳು, ನನಗಿಂತ ಜೋರಾಗಿ.

ಒಬ್ಬ ಮಹಿಳಾ ಅಧಿಕಾರಿಯನ್ನು ಕರೆಸಿದರು. ನನ್ನಷ್ಟೇ ವಯಸ್ಸು, ಗಂಭೀರ ಮುಖ. ಆ ಮನುಷ್ಯ ದೇಶದಲ್ಲೇ ಇಲ್ಲ, ವರ್ಷಗಟ್ಟಲೆ ಆಗಬಹುದು, ಏನೂ ಆಗದೆಯೂ ಇರಬಹುದು ಅಂದಳು. ಗೊತ್ತು ಅಂದೆ. ಸಾಕ್ಷಿ ಯಾರು ಅಂದಳು. ಅಸೀಫಾ ತನ್ನ ಹೆಸರು ಹೇಳಿದಳು, ಬರ್ವಾ ಅಲ್ ಬರಾಹಾದ ಲೈಟ್‌ಮನ್ ಹೆಸರು ಕೊಟ್ಟಳು. ಅವನು ಬರುತ್ತೇನೆ ಅಂದಿದ್ದಾನೆ. ಥಿಯೋಡೋರ್ ಹೆಸರನ್ನೂ ಬರೆಸಿದೆ. ಕರೆದಾಗ ಅವನು ಏನು ಮಾಡುತ್ತಾನೋ ಅವನಿಗೆ ಬಿಟ್ಟದ್ದು.

ಆಮೇಲೆ ಆ ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳಿದಳು: "ಎಷ್ಟು ಜೋರಾಗಿ ಹಿಡಿದಿದ್ದ?"

ಹೇಗೆ ಹೇಳುವುದು, ಅಪ್ಪಾ? ತುಂಬಾ ಅಂದೆ. ಅಷ್ಟು ಸಾಲದು ಅನ್ನುವ ಹಾಗೆ ತಲೆಯಾಡಿಸಿದಳು. ಎದ್ದು ಹೋಗಿ ಬಾಗಿಲು ಹಾಕಿ ಬಂದಳು. ಸ್ಕಾರ್ಫನ್ನು ಕತ್ತಿನಿಂದ ಸರಿಸಿ, ಮೇಜಿನ ಮೇಲೆ ಮುಂದಕ್ಕೆ ಬಾಗಿದಳು.

"ತೋರಿಸು."

ಎರಡೂ ಕೈ ಚಾಚಿದೆ. ಅವಳ ಕತ್ತಿನ ಮೇಲೆ ಇಟ್ಟೆ, ಹೆಬ್ಬೆರಳು ಅವನು ಇಟ್ಟ ಜಾಗದಲ್ಲೇ. ಒತ್ತಿದೆ. ಅವಳು ನನ್ನ ಕಣ್ಣನ್ನೇ ನೋಡುತ್ತಾ, "ಇಷ್ಟೇನಾ?" ಅಂದಳು. ಇನ್ನೂ ಒತ್ತಿದೆ. ಅವಳ ನಾಡಿ ನನ್ನ ಬೆರಳ ಕೆಳಗೆ ಹೊಡೆದುಕೊಳ್ಳುತ್ತಿತ್ತು, ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಅವನು ಹಿಡಿದದ್ದರ ಅರ್ಧವೂ ಆಗಿರಲಿಲ್ಲ. ನನಗೆ ಇನ್ನೂ ಬಲವಿತ್ತು. ಖುಷಿ ಬರುತ್ತಾ ಅಂತ ನನ್ನೊಳಗೆ ನೋಡಿಕೊಂಡೆ.

ಬರಲಿಲ್ಲ. ಅವಳು ಕೈ ಎತ್ತುವ ಮೊದಲೇ ಬಿಟ್ಟೆ.

ಕೆಮ್ಮಿದಳು. ಅಸೀಫಾ ನೀರು ಕೊಟ್ಟಳು. ಕುಡಿದು, ಸ್ಕಾರ್ಫ್ ಸರಿಮಾಡಿಕೊಂಡು, ಪೆನ್ನು ತೆಗೆದುಕೊಂಡು ಬರೆಯಲು ಶುರುಮಾಡಿದಳು. ನಡುವೆ ಒಂದು ಸಲ ಕತ್ತು ಸವರಿಕೊಂಡಳು, ಮತ್ತೆ ಬರೆದಳು. ಅಸೀಫಾ ಬಗ್ಗಿ ನೋಡಿ ನನ್ನ ಕಿವಿಯಲ್ಲಿ ಹೇಳಿದಳು: "ಇದ್ದ ಹಾಗೆ ಬರೀತಿದ್ದಾಳೆ."

ಇಂಚರಾ